ಮೊದಲ ಪುಟದ ಅಣ್ಣ

ಸೆಮಿಸಿ ಕ್ಯಾಮೆರಾ ಎತ್ತಿ "ಸ್ವಲ್ಪ ನಗಜ್ಜಿ" ಎಂದ. ಕೇಕಿನ ಹಿಂದೆ ಕೂರಿಸಿದ್ದ ಕಲೋಲಾಯಿನೆ ಅಜ್ಜಿಗೆ ಅಂದು ನೂರು ತುಂಬಿತ್ತು. ಅವಳು ನಗಲಿಲ್ಲ. ಮುಖ ಗಂಟು ಹಾಕಿಕೊಂಡು ಅವನನ್ನೇ ನೋಡುತ್ತಿದ್ದಳು.

ನಿಜಕ್ಕೂ ಅಲ್ಲಿ ಮಾತಾಡಬೇಕಾದವಳು ಲೂಪೆ. ಪತ್ರಿಕೆಯ ವರದಿಗಾರ್ತಿ ಅವಳು. ಆದರೆ ಅವಳು ಒಂದು ಪ್ರಶ್ನೆ ಶುರು ಮಾಡಿದರೆ ಸೆಮಿಸಿ ನಡುವೆ ಬಾಯಿ ಹಾಕಿ ತಾನೇ ಮುಗಿಸುತ್ತಿದ್ದ. ಇಪ್ಪತ್ತು ವರ್ಷದಿಂದ ಟೋಂಗಾ ದ್ವೀಪಗಳ ಮದುವೆ, ಸಾವು, ಚಂಡಮಾರುತ ಎಲ್ಲವನ್ನೂ ತೆಗೆದ ಫೋಟೊಗ್ರಾಫರ್ ಅವನು. ನಿನ್ನೆ ಮೊನ್ನೆ ಸೇರಿದ ಹುಡುಗಿಗೆ ಏನು ಗೊತ್ತು ಎಂಬ ಗತ್ತು. ಕ್ಯಾಮೆರಾ ಸ್ಟ್ಯಾಂಡ್ ಹೊರುವುದು ಅವಳ ಪಾಲು, ಅಪ್ಪಣೆ ಕೊಡುವುದು ಅವನ ಪಾಲು. ಇಷ್ಟರ ನಡುವೆಯೂ ಲೂಪೆ ಒಂದು ಸಂಗತಿ ಹೊರಗೆಳೆದಿದ್ದಳು: ಕಡಲು ಇಳಿದಾಗ ಅಜ್ಜಿ ಈಗಲೂ ನೀರಿಗೆ ಹೋಗಿ ಆಕ್ಟೋಪಸ್ ಹಿಡಿಯುತ್ತಾಳೆ. ಅಷ್ಟು ಕೇಳಿದ್ದೇ ತಡ, ಲೂಪೆಯ ಎದೆ ಕುಣಿಯತೊಡಗಿತು. ಕೇಕಿನ ಫೋಟೊ ಕಳಿಸಿದರೆ ಎರಡು ವರ್ಷದಿಂದ ಅವಳು ಕೊಳೆಯುತ್ತಿರುವ ಏಳನೇ ಪುಟವೇ ಗತಿ. ಅಜ್ಜಿ ಕಡಲಲ್ಲಿ ನಿಂತ ಫೋಟೊ ಸಿಕ್ಕಿದರೆ ಮೊದಲ ಪುಟ, ಕೆಳಗೆ ಅವಳ ಹೆಸರು.

ಅದನ್ನು ಹೇಳಿದ್ದಕ್ಕೆ ಸೆಮಿಸಿ ತನ್ನ ಹೊಸ ಬೂಟು ತೋರಿಸಿದ. "ಏ ಹುಡುಗಿ, ಇದನ್ನ ಉಪ್ಪುನೀರಲ್ಲಿ ಅದ್ದಲಾ? ಕೇಕ್ ಇದೆ, ಅಜ್ಜಿ ಇದಾಳೆ. ಮುಗೀತು, ನಡಿ."

ಆಗ ಅಜ್ಜಿ ಕೈ ಎತ್ತಿದಳು. ಯಾರ ಮಕ್ಕಳು ಅಂತ ತಿಳಿಯದೆ ಯಾರಿಗೂ ಮುಖ ಕೊಡುವುದಿಲ್ಲ ಎಂದಳು. ನ್ಯಾಯವಾದ ಮಾತೇ. ಸೆಮಿಸಿ ಎದೆಯುಬ್ಬಿಸಿ ಅಪ್ಪ, ಅಮ್ಮ, ಅವರಪ್ಪ, ಅವರಮ್ಮ ಎಂದು ಊರು ಸಮೇತ ಒಪ್ಪಿಸಿದ. ಲೂಪೆಯೂ ಹೇಳಿದಳು. ಅಜ್ಜಿ ಕಣ್ಣು ಮುಚ್ಚಿ, ಬೆರಳು ಮಡಚುತ್ತಾ, ಯಾವ್ಯಾವುದೋ ದ್ವೀಪ, ಯಾವ್ಯಾವುದೋ ಮುಳುಗಿದ ದೋಣಿಗಳ ಹೆಸರು ಗೊಣಗಿ ಕೊನೆಗೆ ಕಣ್ಣು ಬಿಟ್ಟಳು.

"ನಿಮ್ಮ ಮುತ್ತಜ್ಜಿಯರಿಬ್ಬರೂ ಹಾಪಾಯ್ ದ್ವೀಪದ ಅಕ್ಕತಂಗಿಯರು ಕಣ್ರೋ. ನೀನು ಅಣ್ಣ, ಇವಳು ನಿನ್ನ ತಂಗಿ."

ಸೆಮಿಸಿ ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. ಎಷ್ಟೇ ತಲೆಮಾರು ಹಿಂದಿನದಾಗಲಿ, ಇಲ್ಲಿ ತಂಗಿ ಎಂದರೆ ತಂಗಿಯೇ. ಅಣ್ಣನಿಗಿಂತ ಒಂದು ಮೆಟ್ಟಿಲು ಮೇಲೆ. ಅವಳೆದುರು ಕಾಲು ಚಾಚಿ ಕೂರುವಂತಿಲ್ಲ, ಪೋಲಿ ಮಾತಾಡುವಂತಿಲ್ಲ, ಅವಳ ಮಾತು ಮೀರುವಂತಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಕಾರಿನಲ್ಲಿ ಹೇಳಿದ ಮೂರು ಜೋಕು ಒಂದೊಂದಾಗಿ ನೆನಪಾಗಿ ಅವನ ಕಿವಿ ಕಾದವು. ಪಾಪ, ಅಂಗಳಕ್ಕೆ ಹೋಗಿ ಕಿಟಕಿಯ ಹೊರಗೆ ನಿಂತು ತಾಯಿಗೆ ಫೋನ್ ಹಚ್ಚಿದ.

ತಾಯಿಯ ದನಿ ಒಳಗಿದ್ದವರಿಗೆಲ್ಲ ಕೇಳಿಸಿತು. ತನಗೇನೂ ಗೊತ್ತಿಲ್ಲ, ಆದರೆ ಕಲೋಲಾಯಿನೆ ಅಜ್ಜಿ ಹೇಳಿದ ಮೇಲೆ ಅಲ್ಲ ಅನ್ನೋಕೆ ನಾವು ಯಾರು ಎಂದಳು. ಅಷ್ಟಕ್ಕೇ ಬಿಡಲಿಲ್ಲ. "ಆಫೀಸಿನ ಹುಡುಗಿ ಕೈಲಿ ಸ್ಟ್ಯಾಂಡ್ ಹೊರಿಸ್ತೀನಿ ಅಂತ ಮನೇಲಿ ಜಂಭ ಕೊಚ್ಕೋತಿದ್ದೆಯಲ್ಲೋ, ಅದು ಇವಳೇನಾ? ಥೂ ನಿನ್ನ."

ಲೂಪೆಗೆ ಮೊದಲು ಗಾಬರಿಯಾಯಿತು. ಆಮೇಲೆ ನಿಧಾನಕ್ಕೆ ತಲೆಗೆ ಹತ್ತಿತು. ಪರೀಕ್ಷೆಗೆಂದು "ಅಣ್ಣಾ, ಸ್ಟ್ಯಾಂಡ್" ಎಂದಳು. ಕಿಟಕಿಯಿಂದ ಒಂದು ಕೈ ಒಳಬಂದು ಸ್ಟ್ಯಾಂಡ್ ತೆಗೆದುಕೊಂಡಿತು. "ಅಣ್ಣಾ, ಬೂಟು" ಎಂದಳು. ಅವನು ಬಗ್ಗಿ ಲೇಸು ಬಿಚ್ಚಿದ. ಉಕ್ಕಿ ಬಂದ ನಗು ತಡೆಯಲಾರದೆ ಲೂಪೆ ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಸಂಪಾದಕರ ಫೋನು ಬಂತು: ಇನ್ನೆರಡು ಗಂಟೆಗೆ ಪುಟ ಕಟ್ಟಬೇಕು, ಏನಾದರೂ ಕಳಿಸಿ. ಮೊದಲ ಪುಟ ಖಾಲಿ ಇಟ್ಟಿರಿ ಎಂದು ಹೇಳಿ ಲೂಪೆ ಫೋನ್ ಇಟ್ಟಳು. ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯದು.

ಕಡಲು ಚೆನ್ನಾಗಿ ಇಳಿದಿತ್ತು. ಸೆಮಿಸಿ ಮುಂದಾಗಿ ಹೋಗಿ ತೊಡೆಮಟ್ಟದ ನೀರಿನಲ್ಲಿ ನಿಂತ. ಕ್ಯಾಮೆರಾ ನೆತ್ತಿಯ ಮೇಲೆ, ಇಲ್ಲಿನ ಪದ್ಧತಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ನೀರಿನ ಮೇಲೆ ತೇಲುತ್ತಿತ್ತು. ಅಜ್ಜಿ ಕವಡೆ ಕಟ್ಟಿದ ಗಾಳ ಹಿಡಿದು, ಲೂಪೆಯ ತೋಳಿಗೆ ಜೋತುಬಿದ್ದು ದಡಕ್ಕೆ ಬಂದಳು. ಲೂಪೆ ಪೆನ್ನು ತೆಗೆದು, ಆ ಮುತ್ತಜ್ಜಿಯರ ಹೆಸರೇನು, ಸುದ್ದಿಯಲ್ಲಿ ಸೇರಿಸುತ್ತೇನೆ ಎಂದಳು.

"ಯಾವ ಮುತ್ತಜ್ಜಿ?" ಅಜ್ಜಿಯ ಬೊಚ್ಚುಬಾಯಿ ಅಗಲವಾಯಿತು. "ನಿಂಗೆ ಒಂದು ಮಾತು ಪೂರ್ತಿ ಆಡೋಕೆ ಬಿಡಲಿಲ್ಲ ಅವನು. ನಂಗೂ ಆ ಕೇಕಿನ ಹಿಂದೆ ಕೂತು ಸೊಂಟ ಹಿಡಿದಿತ್ತು. ಅದಕ್ಕೇ ಒಬ್ಬ ಅಣ್ಣನ್ನ ಕೊಟ್ಟೆ."

ಯಾರಾದರೂ ವಿಚಾರಿಸಿದರೆ ಏನು ಗತಿ ಎಂದು ಲೂಪೆ ಪಿಸುಗುಟ್ಟಿದಳು.

"ಯಾರನ್ನ ವಿಚಾರಿಸ್ತಾರೆ ಮಗಳೇ? ನಂದು ಸುಳ್ಳು ಅನ್ನಬಲ್ಲೋರೆಲ್ಲ ಸತ್ತು ಎಷ್ಟೋ ವರ್ಷ ಆಯ್ತು."

ನೀರಿನಿಂದ ಸೆಮಿಸಿಯ ದನಿ ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರದಷ್ಟು ಮೆತ್ತಗಿತ್ತು. "ಇಷ್ಟು ದೂರ ಸಾಕೇನಮ್ಮಾ?"

ಒಂದು ಸುದ್ದಿಗೆ ಇಬ್ಬರ ಸಾಕ್ಷಿಯಿಲ್ಲದೆ ಒಂದಕ್ಷರವನ್ನೂ ಬರೆಯದ ಲೂಪೆ, ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

"ಇನ್ನೊಂದ್ ಸ್ವಲ್ಪ ಮುಂದೆ ಹೋಗಣ್ಣಾ," ಎಂದು ಕೂಗಿದಳು.