ಕುಷ್ಟಗಿ ಇಪ್ಪತ್ತೇಳು

ಓವರ್‌ಸಿಯರ್ ವಿರೂಪಾಕ್ಷಪ್ಪ ಸೈಕಲ್ಲಿನಿಂದ ಇಳಿದವರು ಸ್ಟ್ಯಾಂಡ್ ಹಾಕುವುದನ್ನೂ ಮರೆತು ರಸ್ತೆ ಬದಿಯ ಕಲ್ಲನ್ನೇ ನೋಡುತ್ತ ನಿಂತರು. ಸೈಕಲ್ಲು ಧಡ್ ಎಂದು ಬಿತ್ತು. ಕುಂಚ ತೊಳೆಯುತ್ತಿದ್ದ ದುರುಗಪ್ಪ ಎದ್ದು ನಿಂತ. ಇಪ್ಪತ್ತೇಳು ಕಲ್ಲುಗಳಲ್ಲಿ ಇದು ಕೊನೆಯದು. ಬಣ್ಣ ಇನ್ನೂ ಹಸಿ.

“ಏನಲೇ ಇದು?”

“ಕಲ್ರಿ.”

“ಅಲ್ಲಿ ಕಾಣೂದು ಯಾವ ಊರು?”

“ಕುಷ್ಟಗಿ ರೀ.”

“ನೀ ಇಲ್ಲಿ ಏನ್ ಬರದಿ, ಓದು.”

“ಕುಷ್ಟಗಿ ಇಪ್ಪತ್ತೇಳು,” ಎಂದು ಓದಿದ ದುರುಗಪ್ಪ, ತಿರುಗಿ ಊರನ್ನು ನೋಡಿದ. ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಬಣ್ಣವೂ ಇಲ್ಲಿಂದ ತಿಳಿಯುತ್ತಿತ್ತು.

ಮೈಲಿ ಹೋಗಿ ಕಿಲೋಮೀಟರು ಬಂದ ಮೇಲೆ ಯಲಬುರ್ಗಾ ರಸ್ತೆಗೆ ನೆಟ್ಟ ಹೊಸ ಕಲ್ಲುಗಳು ಅವು. ಒಂದು ಮುಖಕ್ಕೆ ಯಲಬುರ್ಗಾ ಎಷ್ಟು ದೂರ, ಇನ್ನೊಂದಕ್ಕೆ ಕುಷ್ಟಗಿ ಎಷ್ಟು ದೂರ. ಯಾವ ಕಲ್ಲಿಗೆ ಏನು ಬರೆಯಬೇಕೆಂದು ಕಚೇರಿಯಿಂದ ಪಟ್ಟಿ ಬಂದಿತ್ತು. ಪಟ್ಟಿ ಶುರುವಾಗುವುದು ಕುಷ್ಟಗಿಯಿಂದ. ದುರುಗಪ್ಪ ಶುರು ಮಾಡಿದ್ದು ಯಲಬುರ್ಗಾದಿಂದ, ಏಕೆಂದರೆ ಜಲ್ಲಿ ತುಂಬಲು ಹೊರಟಿದ್ದ ಲಾರಿ ಅವನನ್ನು ಇಳಿಸಿದ್ದು ಅಲ್ಲಿ. ಎರಡು ಊರಿನ ಹೆಸರು ಮತ್ತು ಅಂಕಿ ಬಿಟ್ಟರೆ ಅವನಿಗೆ ಓದು ಬರದು. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಲ್ಲು. ಸಾಲೂ ಉಳಿಯಲಿಲ್ಲ, ಕಲ್ಲೂ ಉಳಿಯಲಿಲ್ಲ. ಅನುಮಾನ ಬರುವುದಾದರೂ ಹೇಗೆ?

“ಹೊಸಾ ಎಂಜಿನಿಯರ್ ಸಾಹೇಬ್ರು ನಾಳೆ ಇದೇ ರಸ್ತಿಗೆ ಬರ್ತಾರ,” ವಿರೂಪಾಕ್ಷಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. “ನಿನ್ನ ಕಾಯಂ ನೌಕರಿ ಕಾಗದ ಅವರ ಬ್ಯಾಗಿನಾಗ ಐತಿ. ಆರು ವರ್ಷ ದಿನಗೂಲಿ ದುಡದು ಕಡೀಕ ಕುಷ್ಟಗೀನ ಹೊತಗೊಂಡ್ ಹೋಗಿ ಯಲಬುರ್ಗಾದಾಗ ಇಟ್ಟಿ ನೋಡು!”

“ಎಲ್ಲಾ ತಪ್ಪಿಲ್ರಿ. ಹದಿನಾಕನೇದು ಸರಿ ಐತ್ರಿ. ಈ ಕಡಿಂದೂ ಹದಿನಾಕು, ಆ ಕಡಿಂದೂ ಹದಿನಾಕು.”

“ಹಂಗಾರ ನಾಳೆ ಅದನ್ನ ತಬ್ಬಿಕೊಂಡು ಕುಂದ್ರು.”

ದುರುಗಪ್ಪ ಅದನ್ನು ಅಪ್ಪಣೆ ಎಂದೇ ತಿಳಿದ. ಮರುದಿನ ಬೆಳಿಗ್ಗೆಯಿಂದ ಹದಿನಾಲ್ಕನೆಯ ಕಲ್ಲಿನ ಪಕ್ಕ ಕೂತ. ಸಾಹೇಬರು ನಿಂತು ನೋಡುವುದಾದರೆ ಈ ಕಲ್ಲನ್ನೇ ನೋಡಲಿ ಎಂಬ ಆಸೆ. ಬಿಸಿಲೇರಿದ ಮೇಲೆ ಕುಷ್ಟಗಿ ಕಡೆಯಿಂದ ಜೀಪು ಬಂತು, ನಿಲ್ಲದೆ ಹೋಯಿತು. ಸ್ವಲ್ಪ ಹೊತ್ತಿಗೆ ಯಲಬುರ್ಗಾ ಕಡೆಯಿಂದ ವಾಪಸು ಬಂತು, ಹೋಯಿತು. ಮೂರನೆಯ ಸಲ ಬಂದಾಗ ನಿಂತಿತು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಾಹೇಬರು ಇಳಿದರು. ಹುಬ್ಬು, ಮೀಸೆ ಎಲ್ಲ ಧೂಳು. ಡ್ರೈವರನೂ ಅವರ ಜೊತೆಗೇ ಬಂದವನು. ಅವನಿಗೂ ಈ ದಾರಿ ಹೊಸದು.

“ಯಲಬುರ್ಗಾ ಎಲ್ಲಿದೆಯಯ್ಯಾ? ಮುಂದಕ್ಕೆ ಹೋದಷ್ಟೂ ಅದು ದೂರ ಆಗುತ್ತೆ. ದಾರಿ ತಪ್ಪಿತು ಅಂತ ತಿರುಗಿಸಿದರೆ ಕುಷ್ಟಗಿ ದೂರ ಆಗುತ್ತೆ. ಯಾವನು ಬರೆದದ್ದು ಇದನ್ನ?”

ಮರೆಗೆ ನಿಲ್ಲೋಣವೆಂದರೆ ಸುತ್ತ ಒಂದು ಜಾಲಿ ಗಿಡವೂ ಇರಲಿಲ್ಲ. “ನಾನರಿ, ದುರುಗಪ್ಪ. ಆದ್ರ ಈ ಕಲ್ಲೊಂದು ಸರಿ ಐತ್ರಿ,” ಎಂದ.

“ಮತ್ತೆ ಇದೊಂದು ಹೇಗೆ ಸರಿಯಾಯ್ತು?”

“ನಡುವಿನ ಕಲ್ರಿ. ಇದರಾಗ ತಪ್ಪು ಮಾಡಾಕ ಬರಂಗಿಲ್ರಿ.”

ಡ್ರೈವರ್ ಮುಖ ತಿರುಗಿಸಿ ಕೆಮ್ಮಿದ. ಸಾಹೇಬರು ಬ್ಯಾಗಿನಿಂದ ಕಾಯಂ ಕಾಗದ ತೆಗೆದು, ಹರಿಯಲೆಂದು ಎರಡೂ ಕೈಯಲ್ಲಿ ಹಿಡಿದರು. ದುರುಗಪ್ಪ ಅವಸರವಸರವಾಗಿ ಕಿಸೆಯಿಂದ ಪಟ್ಟಿ ತೆಗೆದು ಚಾಚಿದ.

“ಯಾವ ಕಡಿಂದ ಶುರು ಮಾಡಬೇಕಂತ ಇದರಾಗ ಬರದಿದ್ರ ತಪ್ಪು ನಂದರಿ, ಹರದ ಬಿಡ್ರಿ. ನನಗಂತೂ ಓದಾಕ ಬರಂಗಿಲ್ಲ. ಕೆಳಗ ಯಾರೋ ಸಹಿ ಮಾಡ್ಯಾರ ನೋಡ್ರಿ, ಬೇಕಾದ್ರ ಅವರನ್ನ ಕೇಳೂಣು.”

ಸಾಹೇಬರು ಮೇಲಿನಿಂದ ಓದುತ್ತ ಬಂದರು. ಯಾವ ಕಡೆಯಿಂದ ಎಂದು ಎಲ್ಲಿಯೂ ಇರಲಿಲ್ಲ. ಕೆಳಗಿನ ಸಹಿಯ ಹತ್ತಿರ ಅವರ ಕಣ್ಣು ಬಹಳ ಹೊತ್ತು ನಿಂತಿತು. ಅಧಿಕಾರ ವಹಿಸಿಕೊಂಡ ದಿನ ಕಟ್ಟುಗಟ್ಟಲೆ ಕಾಗದಗಳಿಗೆ ಹಾಕಿದ ಅವರದೇ ಸಹಿ.

“ಅವರನ್ನ ಕೇಳೋದೇನೂ ಬೇಡ,” ಎಂದರು. ಪೆನ್ನು ತೆಗೆದು ಪಟ್ಟಿಯ ತಲೆಗೆ ‘ಕುಷ್ಟಗಿಯಿಂದ’ ಎಂದು ದಪ್ಪಗೆ ಬರೆದು ಓದಿ ಹೇಳಿದರು. ಕಾಯಂ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಅದಕ್ಕೂ ಸಹಿ ಹಾಕಿದರು. “ಎಲ್ಲಾ ಅಳಿಸಿ ಸರಿಯಾಗಿ ಬರಿ. ತಪ್ಪಿನಿಂದ ಕಲಿಯಬೇಕಯ್ಯಾ ಮನುಷ್ಯ.”

“ಕಲ್ತೀನ್ರಿ,” ಎಂದ ದುರುಗಪ್ಪ. ಜೀಪು ಹತ್ತಲು ಹೊರಟವರಿಗೆ ಅಡ್ಡ ನಿಂತು ಪಟ್ಟಿಯನ್ನು ಮತ್ತೆ ಮುಂದೆ ಹಿಡಿದ. “ಕುಷ್ಟಗಿಯಿಂದ ಅಂತ ಬರದ್ರಲ್ಲ, ಅದರ ಮಗ್ಗಲಕ ಒಂದು ಸಹಿ ಹಾಕ್ರಿ. ನಾಳೆ ಕುಷ್ಟಗಿ ಜಾಗ ಬದಲಾದ್ರ ನಾ ಯಾರನ್ನ ಕೇಳ್ಲಿ?”