ಎರಡೂ ಕೈ ಮೇಲೆ

“ಎದೆ ಮೇಲಿನ್ ಕೈ ತಗೀರಿ ಟೀಚರಮ್ಮಾ! ಎರಡೂ ಕೈ ಮೇಲಕ್ ಓಗ್ಬೇಕು. ಒಂದ್ ಮೇಲೆ, ಒಂದ್ ಕೆಳಗೆ ಇಟ್ಕಂಡ್ ನೆಗ್ಯಕ್ಕೆ ಇದೇನ್ ಕೋಲಾಟವಾ?”

ಡ್ರಿಲ್ ಮೇಷ್ಟ್ರು ಕೃಷ್ಣಪ್ಪನವರ ಮಾತಿಗೆ ಸಾಲಿನಲ್ಲಿದ್ದ ಉಪಾಧ್ಯಾಯಿನಿಯರು ತಲೆ ತಗ್ಗಿಸಿ ನಕ್ಕರು. ಗುರುಸಿದ್ದಮ್ಮನ ಬಲಗೈ ಮಾತ್ರ ಸೆರಗಿನಡಿಯ ಬೆಳ್ಳಿ ಕರಡಿಗೆಯನ್ನು ಒತ್ತಿ ಹಿಡಿದೇ ಇತ್ತು. ಅದರೊಳಗೆ ಅವಳ ಇಷ್ಟಲಿಂಗ. ತಿಳಿವಳಿಕೆ ಬರುವ ಮೊದಲೇ ಕೊರಳಿಗೆ ಕಟ್ಟಿದ್ದು, ಒಂದು ದಿನವೂ ಮೈಯಿಂದ ಇಳಿಯದ್ದು. ಎದೆ ಮೇಲಿನ ಕೈಯನ್ನು ಮೇಷ್ಟ್ರು ಹೆಂಗಸರ ನಾಚಿಕೆ ಅಂದುಕೊಂಡಿದ್ದರು. ಹಾಗೆಯೇ ಅಂದುಕೊಳ್ಳಲಿ ಎಂದು ಅವಳೂ ಬಿಟ್ಟಿದ್ದಳು. ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದು ಅವಳ ಕೈಲಾಗುವ ಕೆಲಸವಲ್ಲ.

ಇನ್ನು ಮುಂದೆ ಪಾಠದ ನಡುನಡುವೆ ಮಕ್ಕಳನ್ನು ಎಬ್ಬಿಸಿ ಮೈ ಆಡಿಸಬೇಕು, ಅದನ್ನು ಕಲಿತ ಸರ್ಟಿಫಿಕೇಟ್ ಇಲ್ಲದವರಿಗೆ ಕೆಲಸವಿಲ್ಲ ಎಂದು ಮೇಲಿನಿಂದ ಹುಕುಂ ಆಗಿತ್ತು. ಹಾಸನದ ತರಬೇತಿಗೆ ಇದೇ ಕಡೆಯ ದಿನ. ಇನ್‌ಸ್ಪೆಕ್ಟರ್ ಸಾಹೇಬರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯ ಕೆಲಸ ಹೋದರೆ, ಗಂಡನನ್ನು ಕಳೆದುಕೊಂಡ ಗುರುಸಿದ್ದಮ್ಮನಿಗೆ ಉಳಿಯುವುದು ಅಣ್ಣನ ಮನೆಯ ಅಡಿಗೆಮನೆ. ಅತ್ತಿಗೆ ಅವಳ ಪಾಲಿನ ಮೂಲೆಯನ್ನು ಆಗಲೇ ತೋರಿಸಿಯೂ ಇದ್ದಳು.

“ಲಿಂಗ ಬಿಚ್ಚಿ ನನ್ ಕೈಗ್ ಕೊಡು ಗುರುಸಿದ್ದಕ್ಕ,” ಎಂದು ಪಿಸುಗುಟ್ಟಿದಳು ಪಕ್ಕದಲ್ಲಿದ್ದ ಅರಕಲಗೂಡಿನ ಚಿಕ್ಕಲಕ್ಷ್ಮಮ್ಮ. “ನೀನ್ ನೆಗೆದು ಬರೋಗಂಟ ಸೆರಗ್ನಾಗ್ ಕಟ್ಕಂಡಿರ್ತೀನಿ. ನಂದೇನ್ ಸವ್ದೋಯ್ತದಾ?”

ಪ್ರೀತಿಯಿಂದಲೇ ಆಡಿದ ಮಾತು. ಗುರುಸಿದ್ದಮ್ಮ ಕರಡಿಗೆಯನ್ನು ಮತ್ತೂ ಬಿಗಿಯಾಗಿ ಹಿಡಿದಳು. “ಬಿಡ್ತು ಅನ್ನು ಲಕ್ಷ್ಮಮ್ಮ, ಬಿಡ್ತು ಅನ್ನು.” ಕೊಣನೂರಿನ ಅವಳ ಅಜ್ಜಿ ಹೊಳೆಯಲ್ಲಿ ಮೀಯುವಾಗ ದಾರ ಹರಿದು ಲಿಂಗ ನೀರುಪಾಲಾಗಿತ್ತು. ಊರಿಗೆ ಊರೇ ಮುಳುಗಿ ಹುಡುಕಿತು. ಅಜ್ಜಿ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತಳು. ಲಿಂಗವಿಲ್ಲದ ಮೈಗೆ ತುತ್ತು ಅನ್ನವಿಲ್ಲ, ಗುಟುಕು ನೀರಿಲ್ಲ. ಲಿಂಗ ಸಿಗಲಿಲ್ಲ. ಅಜ್ಜಿಯೂ ಅಲ್ಲಿಂದ ಎದ್ದು ಮನೆಗೆ ಬರಲಿಲ್ಲ.

“ಓಳೆನರಸೀಪುರ! ಗುರುಸಿದ್ದಮ್ಮ!” ಸೀಟಿ ಕೂಗಿತು.

ಎದುರಿಗೆ ಅಡ್ಡ ಕಟ್ಟಿದ ಬಿದಿರು ಗಳ. ಓಡಬೇಕು, ಎರಡೂ ಕೈ ಎತ್ತಿ ಹಾರಬೇಕು. ಕೈ ಇಳಿದರೆ ನಪಾಸು. ಅವಳು ಸೆರಗನ್ನು ನಡುವಿಗೆ ಇನ್ನಷ್ಟು ಬಿಗಿದಳು. ಓಡಿದಳು. ಗಳದ ಹತ್ತಿರ ಬರುವಾಗ ಕೈ ತಾನಾಗಿ ಎದೆಗೆ ಹೋಗುತ್ತಿತ್ತು; ಅದನ್ನು ಬೇರೆ ಯಾರದೋ ಕೈಯೆಂಬಂತೆ ಕಿತ್ತು ಮೇಲೆತ್ತಿದಳು. ನೆಲ ಬಿಟ್ಟ ಗಳಿಗೆಯಲ್ಲೇ ತುರುಬಿನ ಕೆಳಗೆ ಏನೋ ಮೆಲ್ಲಗೆ ಕಳಚಿತು.

ಕಾಲು ನೆಲ ಮುಟ್ಟಿತು. ಕೊರಳು ಹಗುರವಾಗಿತ್ತು.

“ಭೇಷ್! ನೋಡಿ ಸಾ, ಎಂಗ್ ನೆಗೆದ್ರು! ಸಾಕು, ಕೈ ಇಳಿಸ್ರಮ್ಮ.”

ಅವಳು ಇಳಿಸಲಿಲ್ಲ. ಇಳಿಸಿದರೆ ಎದೆ ತಡವಬೇಕು, ಬಗ್ಗಿದರೆ ಮಣ್ಣು ನೋಡಬೇಕು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಚಿಕ್ಕಲಕ್ಷ್ಮಮ್ಮ ಓಡಿ ಬಂದವಳು, ಮುಟ್ಟಲು ಹೆದರಿ, ಬರೀ ಬೆರಳು ತೋರಿಸಿದಳು. “ಅಕ್ಕಾ, ಸೊಂಟದ್ ತಾವ ನೋಡ್ಕ. ಸೆರಗ್ನಾಗ್ ಸಿಕ್ಕಂಡದೆ. ನೆಲ ಮುಟ್ಟಿಲ್ಲ ಕಣಕ್ಕ, ನನ್ನಾಣೆಗೂ ಮುಟ್ಟಿಲ್ಲ!”

ಸೆರಗಿನ ಮಡಿಕೆಯಲ್ಲಿ ಬೆರಳಿಗೆ ಬೆಳ್ಳಿ ತಾಕಿತು. ಗುರುಸಿದ್ದಮ್ಮ ಎಲ್ಲರಿಗೂ ಬೆನ್ನು ಮಾಡಿ ನಿಂತು, ಲಿಂಗದ ಶಿವದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿದಳು. ಕಡೆಯ ಗಂಟನ್ನು ಹಲ್ಲಿನಲ್ಲಿ ಎಳೆದು ಬಿಗಿದಳು.

“ಇನ್ನೊಂದದೆ,” ಎಂದು ಕೃಷ್ಣಪ್ಪನವರು ಸೀಟಿಯನ್ನು ಅವಳ ಕೈಗಿತ್ತರು. “ನೀವ್ ನೆಗೆದ್ಬುಟ್ರೆ ಆಯ್ತಾ? ಮಕ್ಕಳ್ನ ಎಂಗ್ ನೆಗೆಸ್ತೀರಾಂತ ಸಾಯೇಬ್ರು ನೋಡ್ಬೇಕಲ್ಲ.”

ಊರ ಶಾಲೆಯಿಂದ ಕರೆತಂದ ಹುಡುಗಿಯರು ಗಳದ ಆಚೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದದ್ದು ಉದ್ದ ಲಂಗದ ಪುಟ್ಟ ಮಗು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಮಾಸಿದ ಶಿವದಾರ. ಒಂದು ಕೈ ಎದೆಯ ಮೇಲೆ ಭದ್ರವಾಗಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆ ಪುಟ್ಟ ಕೈಯಡಿ ಏನಿದೆಯೆಂದು ಗುರುಸಿದ್ದಮ್ಮನಿಗೆ ಗೊತ್ತಿತ್ತು. ಹೇಳಬಹುದಿತ್ತು. ಇಲ್ಲೇ, ಈಗಲೇ.

“ಎರಡೂ ಕೈ ಮೇಲೆ,” ಎಂದಳು. ದನಿ ಅವಳದೆನ್ನಿಸಲಿಲ್ಲ.

ಮಗು ಅವಳ ಮುಖವನ್ನೇ ನೋಡಿತು. ಬರಿದಾಗಿದ್ದ ಕೈಯನ್ನು ಮೊದಲು ಎತ್ತಿತು. ಆಮೇಲೆ, ಟೀಚರಮ್ಮ ಹೇಳಿದ ಮೇಲೆ ಭಯವೇನು ಎಂಬ ಹಾಗೆ, ಇನ್ನೊಂದನ್ನೂ.