ಹಿಮ ಬೀಳದ ಊರು

ಮಸ್ಕತ್ತಿನ ಆ ಬಾಡಿಗೆ ಮನೆಯಲ್ಲಿ ಸಂಜೆಯ ಚಹಾದ ಜೊತೆಗೆ ಕೆನಡಾದ ನಕ್ಷೆಯೂ ಮೇಜಿಗೆ ಬರುತ್ತಿತ್ತು. ಅರ್ಜಿ ಹಾಕಿ ವರ್ಷವಾಗಿತ್ತು. ಹೋಗಿ ನೆಲೆಸುವುದು ಯಾವ ಊರಿನಲ್ಲಿ ಎಂಬುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

“ಕ್ಯಾಲ್ಗರಿಗೆ ಹೋಗುವ. ವೆಲ್ಡಿಂಗ್ ಕೆಲಸ ಬೇಕಾದಷ್ಟು ಉಂಟಂತೆ,” ಎಂದ ಅಪ್ಪ.

“ಅಲ್ಲಿ ಆರು ತಿಂಗಳು ಹಿಮ ಮಾರಾಯ್ರೆ. ಇವಳ ವೀಲ್‌ಚೇರ್ ಹೇಗೆ ಹೋಗ್ತದೆ?” ಎಂದಳು ಅಮ್ಮ.

“ಹಾಗಾದ್ರೆ ವ್ಯಾಂಕೂವರ್.”

“ಬಾಡಿಗೆ ಎಷ್ಟು ಅಂತ ಕೇಳಿದ್ದೀರಾ?”

ಅಪ್ಪ ಮಗಳ ಕಡೆ ತಿರುಗಿದ. “ನೀನೇ ಹೇಳು ಮಗಾ. ನಾವು ಹೋಗುವುದೇ ನಿನಗೋಸ್ಕರ ಅಲ್ವಾ?”

ಹದಿನಾರರ ಹುಡುಗಿ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕಡಲಿಗೆ ಅಂಟಿಕೊಂಡಿದ್ದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು.

“ವಿಕ್ಟೋರಿಯಾ. ಅಲ್ಲಿ ಹಿಮ ಬೀಳುವುದೇ ಅಪರೂಪ. ವೀಲ್‌ಚೇರ್ ಸಮೇತ ಬಸ್ಸು ಹತ್ತಬಹುದಂತೆ. ನೀನು ಎತ್ತಿಕೊಳ್ಳುವುದು ಬೇಡ ಅಮ್ಮ.”

ಅಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು. ಅಪ್ಪ ಪೆನ್ನು ತೆಗೆದು ಆ ಚುಕ್ಕೆಯ ಸುತ್ತ ಎರಡೆರಡು ಸಲ ಗೆರೆ ಎಳೆದ.

ಮನೆಯ ಇಂಗ್ಲಿಷ್ ಕಾಗದಪತ್ರವೆಲ್ಲ ಮಗಳದ್ದೇ ಉಸ್ತುವಾರಿ. ಅಪ್ಪನ ಈಮೇಲನ್ನೂ ಅವಳೇ ನೋಡುತ್ತಿದ್ದಳು.

“ಕೆನಡಾದವರ ಉತ್ತರ ಬಂತಾ ಮಗಾ?”

“ಇಲ್ಲ ಅಪ್ಪ. ಇನ್ನೂ ಸ್ವಲ್ಪ ತಡ ಆಗ್ತದಂತೆ.”

ಮೂರು ವಾರದ ಹಿಂದೆ ಬಂದ ಉತ್ತರ ಅವಳ ಫೋನಿನಲ್ಲಿತ್ತು: ಮಗಳ ಆರೋಗ್ಯದ ಕಾರಣದಿಂದ ಇಡೀ ಕುಟುಂಬದ ಅರ್ಜಿಯನ್ನು ತಿರಸ್ಕರಿಸಲಾಗಿದೆ.